ಇಪ್ಪತ್ತೆರಡು ತಪ್ಪುಗಳ ಪಟ್ಟಿ

ತಪ್ಪಕ್ಕನಿಗೆ ಹೊಗಳುವುದು ಬರುತ್ತಿರಲಿಲ್ಲ.

ಅಡುಗೆಗೆ ಉಪ್ಪು ಹೆಚ್ಚಾದ ದಿನ ‘ಉಪ್ಪು ಹೆಚ್ಚು’ ಎನ್ನುತ್ತಿದ್ದಳು. ಹದವಾಗಿದ್ದ ದಿನ ಸುಮ್ಮನೆ ಉಂಡು, ತಟ್ಟೆ ತೊಳೆದಿಟ್ಟು ಎದ್ದು ಹೋಗುತ್ತಿದ್ದಳು. “ಒಂದಿನ ಚೆನ್ನಾಗಿದೆ ಅಂದ್ರೆ ನಿನ್ನ ನಾಲಿಗೆ ಸವೆದು ಹೋಗುತ್ತಾ?” ಎಂದು ತಾಯಿ ಕೇಳಿದರೆ, “ಚೆನ್ನಾಗಿದ್ದಕ್ಕೇ ತಿಂದೆನಲ್ಲ, ಇನ್ನೇನು ಹೇಳೋದು?” ಎನ್ನುತ್ತಿದ್ದಳು. ಅದರಲ್ಲಿ ಗರ್ವವೇನೂ ಇರಲಿಲ್ಲ. ಸರಿಯಿರುವುದರ ಬಗ್ಗೆ ಮಾತಾಡಲು ಏನಿದೆ ಎಂದು ಅವಳಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ.

ಅದು ಕೆಲಸದಿಂದ ಅಂಟಿದ ಚಾಳಿ. ಫ್ಯಾನು ತಯಾರಿಸುವ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅವಳು ಹನ್ನೊಂದು ವರ್ಷ ಕೂತಿದ್ದಳು. ದಿನಕ್ಕೆ ನಾನೂರು ಫ್ಯಾನು ಅವಳೆದುರು ತಿರುಗಿ ಮುಂದೆ ಹೋಗುತ್ತಿದ್ದವು. ಅಲ್ಲಿನ ಮೇಲ್ವಿಚಾರಕ ಮೊದಲ ದಿನವೇ ಹೇಳಿಕೊಟ್ಟಿದ್ದ: “ತಿರುಗಿದ್ದನ್ನ ಬರೀಬೇಡ. ತಿರುಗದೇ ಇದ್ದದ್ದನ್ನ ಬರಿ. ತಿರುಗಿದ್ದನ್ನೆಲ್ಲ ಬರೀತಾ ಕೂತ್ರೆ ಪುಸ್ತಕವೂ ಸಾಲಲ್ಲ, ನಿನ್ನ ಆಯಸ್ಸೂ ಸಾಲಲ್ಲ.” ಅವಳು ಹಾಗೇ ಮಾಡಿದಳು. ಹನ್ನೊಂದು ವರ್ಷದ ಪುಸ್ತಕಗಳನ್ನು ಯಾರಾದರೂ ತೆಗೆದು ಓದಿದರೆ ಆ ಕಾರ್ಖಾನೆಯಲ್ಲಿ ಒಂದೂ ಒಳ್ಳೆಯ ಫ್ಯಾನು ಹುಟ್ಟಲಿಲ್ಲ ಎಂದೇ ತಿಳಿಯಬೇಕು.

ಕಾರ್ಖಾನೆ ಮುಚ್ಚಿದಾಗ ಅವಳು ಬರೆಯದೆ ಉಳಿದಿದ್ದ ಕೆಂಪು ರಟ್ಟಿನ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದಳು. ಅದೇ ಹೊತ್ತಿಗೆ ತಮ್ಮ ಇದ್ದ ಕೆಲಸ ಬಿಟ್ಟು, ಸ್ವಂತ ಕಂಪನಿ ಮಾಡುತ್ತೇನೆಂದು ಮನೆಯಲ್ಲಿ ಕೂತಿದ್ದ. ಅವನು ಪ್ರೋಗ್ರಾಂ ಬರೆಯುವವನು. ಅವನ ತಲೆ ಹೊಕ್ಕಿದ್ದು ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಅದನ್ನು ನೀರಿನ ಪಂಪಿನ ತಂತಿಗೆ ಕಚ್ಚಿಸಿದರೆ ಒಳಗಿನ ತಾಮ್ರದ ಸುರುಳಿ ಕರೆಂಟಿನ ನಾಡಿ ಹಿಡಿಯುತ್ತದೆ. ಮೋಟಾರು ಸುಟ್ಟುಹೋಗುವ ಎರಡು ದಿನ ಮೊದಲೇ ಫೋನಿಗೆ ಎಚ್ಚರಿಕೆ ಬರುತ್ತದೆ.

ಇಂಥ ಕಂಪನಿ ಯಾವ ಊರಲ್ಲಿ ಶುರು ಮಾಡಬೇಕು ಎಂದು ತಮ್ಮ ಮೂರು ತಿಂಗಳು ಓದಿದ. ಊರುಗಳ ಹೆಸರು ಅಡ್ಡಕ್ಕೆ, ಗುಣಗಳು ಉದ್ದಕ್ಕೆ ಬರೆದು ಗೋಡೆಗೆ ಅಂಟಿಸಿದ. ಇಂಟರ್ನೆಟ್ಟಿನ ವೇಗ, ಎಂಜಿನಿಯರಿಂಗ್ ಕಾಲೇಜುಗಳ ಸಂಖ್ಯೆ, ದಿನಕ್ಕೆ ಹಾರುವ ವಿಮಾನಗಳು, ಕಂಪನಿಗಳಿಗೆ ದುಡ್ಡು ಹಾಕುವವರು. ಅವರ ಊರು ಕೆಳಗಿನಿಂದ ಎರಡನೆಯದಾಗಿ ಬಂತು.

“ಇಲ್ಲಿ ಇಕೋಸಿಸ್ಟಮ್ಮೇ ಇಲ್ಲ ಅಕ್ಕ.”

“ಹಾಗಂದ್ರೆ?”

“ಅಂದ್ರೆ, ಒಂದು ವಾತಾವರಣ.”

“ಗಾಳಿ ಎಲ್ಲಾ ಕಡೆ ಇರುತ್ತಲ್ಲ.”

ಊರು ಬಿಡುವುದೆಂದೇ ಆಯಿತು. ಬಿಡುವ ಮೊದಲು ಒಂದು ಮಾದರಿ ಪೆಟ್ಟಿಗೆ ಮಾಡಿಕೊಂಡು ಹೋಗೋಣವೆಂದು ರೈಲು ಹಳಿಯ ಪಕ್ಕದ ರಿಪೇರಿ ಬೀದಿಯಲ್ಲಿ, ಲೇತಮ್ಮನ ಅಂಗಡಿಯ ಮೇಲಿನ ಕೋಣೆಯನ್ನು ಒಂದು ತಿಂಗಳಿಗೆ ಹಿಡಿದರು. ಆ ಒಂದು ತಿಂಗಳು ಮೂರು ವರ್ಷ ದಾಟಿತು.

ಆದದ್ದು ಇಷ್ಟು. ಮೊದಲ ಪೆಟ್ಟಿಗೆ ಬೆಳಿಗ್ಗೆ ಹತ್ತಕ್ಕೆ ಸುಟ್ಟಿತು. ಹೊಗೆ ಮೆಟ್ಟಿಲಿಳಿಯುವ ಮೊದಲೇ ಕೆಳಗಿನಿಂದ ಲೇತಮ್ಮ ಕೂಗಿದಳು: “ಏನ್ರೀ ಸುಟ್ರಿ? ಮನೆನಾ, ಮರ್ಯಾದೆನಾ?” ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕಡೆಯುತ್ತಿದ್ದ ಐವತ್ತರ ಹೆಂಗಸು, ಗಂಡ ತೀರಿಕೊಂಡ ಮೇಲೆ ಅವನ ಮೆಷಿನ್ನಿಗೂ ಅವನ ಬೈಗುಳಗಳಿಗೂ ತಾನೇ ವಾರಸುದಾರಳಾದವಳು. ಅವಳು ಸುಟ್ಟ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೇರ ಎದುರಿನ ಅಂಗಡಿಗೆ ನಡೆದಳು. ಅಲ್ಲಿ ವೈಂಡಿಂಗ್ ಮಾವ ಇದ್ದ. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ನಲವತ್ತು ವರ್ಷ ಸವೆಸಿದ್ದ ಮುದುಕ. ಬೀದಿಗೆಲ್ಲ ಮಾವ, ಯಾರಿಗೆ ನಿಜವಾದ ಮಾವ ಎಂದು ಯಾರಿಗೂ ಗೊತ್ತಿರಲಿಲ್ಲ. ಅವನು ಒಳಗಿನ ಸುರುಳಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದ.

“ಇದನ್ನ ಸುತ್ತಿದವನು ಬೇರೆ ಯಾರ ಮೇಲೋ ಸಿಟ್ಟಲ್ಲಿದ್ದ,” ಎಂದು ಕಸದ ಡಬ್ಬಕ್ಕೆ ಹಾಕಿದ. “ಕೂತ್ಕೋ ಮಗಳೇ. ಮಧ್ಯಾಹ್ನದೊಳಗೆ ನಂದು ಸುತ್ತಿಕೊಡ್ತೀನಿ.”

ಮಧ್ಯಾಹ್ನದೊಳಗೆ ಸುರುಳಿ ಬಂತು. ಸುಟ್ಟುಹೋಗಿದ್ದ ಎಲೆಕ್ಟ್ರಾನಿಕ್ ಚಿಪ್ಪಿನಂಥದ್ದೇ ಇನ್ನೊಂದು ಬೀದಿಯ ಕೊನೆಯ ಗುಜರಿ ಅಂಗಡಿಯ ಡ್ರಾಯರಿನಲ್ಲಿ ಸಿಕ್ಕಿತು. ಗಡಿಯಾರ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಸುಗೆ ಹಾಕಿದ. ನಾಲ್ಕು ಗಂಟೆಗೆ ಪೆಟ್ಟಿಗೆಗೆ ಜೀವ ಬಂದಿತ್ತು. ಆ ತಿಂಗಳಲ್ಲಿ ಪೆಟ್ಟಿಗೆ ಹನ್ನೊಂದು ಸಲ ಬದಲಾಯಿತು. ಬೇರೆ ಊರಲ್ಲಾಗಿದ್ದರೆ ಪ್ರತಿ ಬದಲಾವಣೆಗೂ ಪಾರ್ಸೆಲ್ಲಿಗಾಗಿ ಹದಿನೈದು ದಿನ ಬಾಗಿಲು ಕಾಯಬೇಕಿತ್ತು. ಗೋಡೆಯ ಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ. ತಮ್ಮ ಪಟ್ಟಿ ಕಿತ್ತು ಹಾಕಿದ, ಅಷ್ಟೆ. ಯಾಕೆ ಕಿತ್ತೆ ಎಂದು ಎಲ್ಲೂ ಬರೆದಿಡಲಿಲ್ಲ.

ಅವಳು ಬರೆದಳು. ಕೆಂಪು ಪುಸ್ತಕದ ಮೊದಲ ಪುಟದಲ್ಲಿ: ‘ಪೆಟ್ಟಿಗೆ ಒಂದು. ಸುಟ್ಟಿತು. ಕಾರಣ ಸುರುಳಿ.’ ಅದಾದ ಮೇಲೆ ಮೂರು ವರ್ಷ, ಆರು ಪುಸ್ತಕ. ಡಬ್ಬಿಯ ಬಿರುಕು, ಬ್ಯಾಟರಿಯ ಸೋರಿಕೆ, ತಮ್ಮನ ಪ್ರೋಗ್ರಾಮಿನ ಮಂಕು ಎಲ್ಲ ಅದರಲ್ಲಿದ್ದವು. ಬೀದಿಯವರ ಅಂಗಡಿಗೆ ಹೋದರೂ ಪುಸ್ತಕ ಕಂಕುಳಲ್ಲೇ ಇರುತ್ತಿತ್ತು. ಲೇತಮ್ಮನೇ ಅವಳಿಗೆ ತಪ್ಪಕ್ಕ ಎಂದು ಹೆಸರಿಟ್ಟಳು. ಅಕ್ಕ ಎಂದರೆ ತಮ್ಮನಿಗೆ ಅಕ್ಕ, ತಪ್ಪು ಎಂದರೆ ಎಲ್ಲರದ್ದು.

ಸಮೀಕ್ಷೆಯವಳು ಬಂದದ್ದು ಮೂರನೆಯ ವರ್ಷದ ಕೊನೆಯಲ್ಲಿ. ನಗರಾಡಳಿತದ ಉದ್ಯಮ ವಿಭಾಗದವಳು, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ನಮೂನೆಗಳ ಕಟ್ಟು. ಸ್ಟಾರ್ಟಪ್ಪುಗಳಿಗೆ ಒಳ್ಳೆಯ ಊರುಗಳು ಎಂಬ ಪಟ್ಟಿಯೊಂದು ಇದೆಯಂತೆ. ಅದರಲ್ಲಿ ಈ ಊರು ಮೂವತ್ತೊಂದನೆಯದು. ಮೇಲಿನವರಿಗೆ ಅದು ಸಾಲದಂತೆ.

“ಎಂಟು ಕಂಪನಿಗೆ ಹೋಗಿ ಬಂದೆ,” ಎಂದಳು, ಕುರ್ಚಿಯ ಮೇಲಿದ್ದ ವೈರುಗಳನ್ನು ಸರಿಸಿ ಕೂರುತ್ತಾ. “ಎಲ್ಲರೂ ಎಲ್ಲಾ ಚೆನ್ನಾಗಿದೆ ಅಂತ ಬರೆದು ಕೊಟ್ಟಿದ್ದಾರೆ. ಅದನ್ನ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ? ನೀವಾದ್ರೂ ನಿಜ ಹೇಳಿ.”

ನಿಜ ಹೇಳಿ ಎಂದು ತಪ್ಪಕ್ಕನಿಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ. ‘ನಿಮ್ಮ ಕೆಲಸಕ್ಕೆ ಇಲ್ಲಿ ಏನು ಅಡ್ಡಿಯಾಗಿದೆ?’ ಎಂಬ ಪ್ರಶ್ನೆಯ ಕೆಳಗಿದ್ದ ಮೂರು ಗೆರೆ ಸಾಲದೆ ತನ್ನ ಪುಸ್ತಕದಿಂದ ಹಾಳೆ ಹರಿದು ಸೇರಿಸಿದಳು. ಒಂದು, ಬೀದಿ ಕಿರಿದು, ಸಾಮಾನಿನ ವ್ಯಾನು ಒಳಗೆ ಬರುವುದಿಲ್ಲ. ಮೂರು, ಕೆಳಗಿನ ಲೇತ್ ನಡೆದಾಗ ಪರೀಕ್ಷೆಯ ಮೇಜು ನಡುಗುತ್ತದೆ. ಏಳು, ಎದುರಿನ ವೈಂಡಿಂಗ್ ಅಂಗಡಿಯ ವಾರ್ನಿಷ್ ವಾಸನೆಗೆ ತಲೆನೋವು. ಒಂಬತ್ತು, ಕರೆಂಟು ದಿನಕ್ಕೆರಡು ಸಲ ಹೋಗುತ್ತದೆ. ಹದಿನಾಲ್ಕು, ಅಕ್ಕಪಕ್ಕದವರು ಬಾಗಿಲು ತಟ್ಟದೆ ಒಳಗೆ ಬಂದು ಪೆಟ್ಟಿಗೆಗಳನ್ನು ಮುಟ್ಟುತ್ತಾರೆ. ಹದಿನೆಂಟು, ಪಕ್ಕದ ಬಣ್ಣದ ಅಂಗಡಿಯಲ್ಲಿ ಕಬ್ಬಿಣದ ಬಣ್ಣ ಒಣಗಿಸುವ ಒಲೆಯಿಂದ ಗೋಡೆ ಕಾಯುತ್ತದೆ. ಇಪ್ಪತ್ತೆರಡು, ಮಹಡಿಯಲ್ಲಿ ಶೌಚಾಲಯವಿಲ್ಲ, ಕೆಳಗಿಳಿದು ಲೇತಮ್ಮನದನ್ನು ಬಳಸಬೇಕು.

ಸಮೀಕ್ಷೆಯವಳ ಕಣ್ಣು ಅರಳಿತು. “ಹೀಗೆ ಬರೀಬೇಕು! ಸರಿ, ನಾಲ್ಕನೇದು ಯಾಕೆ ಖಾಲಿ ಬಿಟ್ಟಿದ್ದೀರಾ?”

ನಾಲ್ಕನೆಯ ಪ್ರಶ್ನೆ: ‘ನಿಮ್ಮ ಕಂಪನಿ ಬೆಳೆಯಲು ಈ ಊರಿನಲ್ಲಿ ಏನು ನೆರವಾಯಿತು?’

ತಪ್ಪಕ್ಕ ಯೋಚಿಸಿದಳು. ಪುಸ್ತಕ ತೆರೆದು ಹಾಳೆ ತಿರುವಿದಳು. ನೆರವಾದದ್ದು ಎಂಬ ತಲೆಬರಹದಲ್ಲಿ ಅವಳ ಬಳಿ ಏನೂ ಇರಲಿಲ್ಲ.

“ಖಾಲಿ ಇರಲಿ.”

“ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ ಮೇಡಂ.”

“ಹಾಗಾದ್ರೆ ಏನಿಲ್ಲ ಅಂತ ಹಾಕಿ.”

ಸಮೀಕ್ಷೆಯವಳು ‘ಏನಿಲ್ಲ’ ಎಂದು ಹಾಕಿಕೊಂಡು ಹೋದಳು. ಮೆಟ್ಟಿಲಿಳಿಯುವಾಗ ಲೇತಮ್ಮ ಅವಳಿಗೆ ಟೀ ಕುಡಿಸಿ ಕಳಿಸಿದಳು.

ಏಳು ತಿಂಗಳಿಗೆ ವರದಿ ಬಂತು. ಅಚ್ಚುಕಟ್ಟಾದ ನೀಲಿ ಪುಸ್ತಕ. ಅದರ ಕೊನೆಯಲ್ಲಿ, ‘ಮಾದರಿ ಪ್ರತಿಕ್ರಿಯೆ’ ಎಂಬ ಶಿರೋನಾಮೆಯಡಿ ಇಪ್ಪತ್ತೆರಡು ತಪ್ಪುಗಳೂ ಒಂದಕ್ಷರ ಬಿಡದೆ ಅಚ್ಚಾಗಿದ್ದವು. ತಮ್ಮ ಹಿಗ್ಗಿ ಹೀರೇಕಾಯಿಯಾದ. “ನೋಡು ಅಕ್ಕ, ನಿನ್ನ ಮಾತಿಗೆ ಎಷ್ಟು ಬೆಲೆ! ಎಲ್ಲಾನೂ ಸರಿ ಮಾಡ್ತಾರಂತೆ!”

ಎಲ್ಲವನ್ನೂ ಸರಿ ಮಾಡುವ ದಾರಿ ಒಂದೇ ಇತ್ತು. ಮುಂದಿನ ವಾರ ರಿಪೇರಿ ಬೀದಿಯ ನಲವತ್ತೊಂದು ಅಂಗಡಿಗಳ ಷಟರಿನ ಮೇಲೂ ನೋಟೀಸು ಬಿತ್ತು. ಈ ಜಾಗದಲ್ಲಿ ಐದು ಮಹಡಿಯ ಸ್ಟಾರ್ಟಪ್ ಕೇಂದ್ರ ಬರುತ್ತದೆ. ಅಂಗಡಿಗಳಿಗೆ ಊರಾಚೆ ಇಪ್ಪತ್ತಾರು ಕಿಲೋಮೀಟರ್ ದೂರದ ಕೈಗಾರಿಕಾ ಬಡಾವಣೆಯಲ್ಲಿ ಜಾಗ: ಸದ್ದು ಮಾಡುವವರಿಗೆ ಒಂದು ಬ್ಲಾಕು, ಬೆಂಕಿ ಬಳಸುವವರಿಗೆ ಇನ್ನೊಂದು, ವಾಸನೆಯ ರಾಸಾಯನಿಕದವರಿಗೆ ಮತ್ತೊಂದು. ನೋಟೀಸಿನ ಜೊತೆ ಕಾರಣಗಳೆಂದು ಆ ಪಟ್ಟಿಯನ್ನೂ ಅಂಟಿಸಿದ್ದರು.

ತಪ್ಪಕ್ಕ ಬೆಳಿಗ್ಗೆ ಬಂದಾಗ ಲೇತಮ್ಮನ ಅಂಗಡಿಯೆದುರು ಹತ್ತು ಹನ್ನೆರಡು ಜನ ನಿಂತಿದ್ದರು. ವೈಂಡಿಂಗ್ ಮಾವ ಕನ್ನಡಕ ಏರಿಸಿಕೊಂಡು ಪಟ್ಟಿ ಓದುತ್ತಿದ್ದ.

“ಏಳನೇದು ನಾನು,” ಎಂದ. “ಬಣ್ಣದವನೇ, ನೀನು ಹದಿನೆಂಟು.”

“ಹದಿನೆಂಟಾ? ನನಗಿಂತ ಮೇಲೆ ಯಾರ್ಯಾರಿದ್ದಾರೆ?”

“ಲೇತಮ್ಮ ಮೂರನೇ ರ‍್ಯಾಂಕು.”

ಬೀದಿ ನಕ್ಕಿತು. ಲೇತಮ್ಮ ನಗಲಿಲ್ಲ. “ಇಪ್ಪತ್ತೆರಡನೇದೂ ನಾನೇ. ಮೂರು ವರ್ಷದಿಂದ ನನ್ನ ಶೌಚಾಲಯಕ್ಕೆ ಬಂದು ಹೋಗ್ತಿದ್ದೆಯಲ್ಲೇ ತಾಯಿ, ಅದನ್ನೂ ಬರೆದುಬಿಟ್ಯಾ?”

“ಕೆಳಗಿಳಿದು ಬರಬೇಕು ಅಂತ ಬರೆದೆ. ಸುಳ್ಳಾ?”

“ಇಲ್ಲಮ್ಮ, ನಿಜವೇ. ನಿಜ ಬಿಟ್ರೆ ನಿನ್ನ ಬಾಯಲ್ಲಿ ಬೇರೇನು ಬರುತ್ತೆ?”

ಯಾರೂ ಅವಳ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಬರೆದುಕೊಳ್ಳಬಹುದಿತ್ತು. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಅವಳ ಒಳಗೆಲ್ಲ ಮರಗಟ್ಟಿತ್ತು. ಏನೋ ನಡೆಯುತ್ತಿದೆ ಎಂದು ಗೊತ್ತು, ತನ್ನದೇ ಬಾಯಿ ಎಂದೂ ಗೊತ್ತು, ನೋವು ಮಾತ್ರ ಇಲ್ಲ.

ಹದಿನೈದು ದಿನ ಕಳೆದ ಮೇಲೆ ಅವಳು ಬಸ್ಸು ಹತ್ತಿ ಉದ್ಯಮ ವಿಭಾಗಕ್ಕೆ ಹೋದಳು. ಸಮೀಕ್ಷೆಯವಳು ಗುರುತು ಹಿಡಿದು ಕುರ್ಚಿ ಹಾಕಿಸಿದಳು.

“ನನ್ನ ಪಟ್ಟಿ ವಾಪಸ್ ತಗೋಬೇಕು.”

“ಯಾಕೆ? ಅದರಲ್ಲಿ ಸುಳ್ಳು ಬರೆದಿದ್ರಾ?”

ತಪ್ಪಕ್ಕ ಇಪ್ಪತ್ತೆರಡನ್ನೂ ಮನಸ್ಸಿನಲ್ಲೇ ಒಂದೊಂದಾಗಿ ದಾಟಿದಳು. “ಇಲ್ಲ.”

“ಮತ್ತೆ?”

“ಇದು ಅರ್ಧ ಅಷ್ಟೇ. ಇನ್ನರ್ಧ ಬರೆದಿಲ್ಲ.”

“ಅದಕ್ಕೇನಂತೆ, ಈಗ ಬರೆದು ಕೊಡಿ. ಆಕ್ಷೇಪಣೆಗೆ ಇವತ್ತು ಕೊನೆ ದಿನ. ಐದು ಗಂಟೆವರೆಗೂ ತಗೋತೀನಿ.” ಬಿಳಿ ಹಾಳೆ, ಪೆನ್ನು ಎದುರಿಗೆ ಬಂತು. ಸಮೀಕ್ಷೆಯವಳು ಕೆಟ್ಟವಳಲ್ಲ. ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ತಪ್ಪಕ್ಕ ಬರೆದಳು: ‘ಎಲ್ಲ ಸರಿಯಾಗಿ ನಡೆಯುತ್ತಿತ್ತು.’

ಸಮೀಕ್ಷೆಯವಳು ಬಗ್ಗಿ ಓದಿದಳು. “ಇದನ್ನ ಮೇಲಕ್ಕೆ ಕಳಿಸಿದ್ರೆ ನಗ್ತಾರೆ. ಏನು ಸರಿಯಾಗಿ ನಡೀತಿತ್ತು? ಉದಾಹರಣೆ ಕೊಡಿ. ಯಾವ ದಿನ, ಯಾರು, ಏನು ಮಾಡಿದ್ರು? ನಿಮ್ಮ ಪಟ್ಟೀಲಿ ಬರೆದಿದ್ರಲ್ಲ, ಹಾಗೆ.”

ಅವಳು ಹಾಳೆ ನೋಡುತ್ತಾ ಕೂತಳು. ನೆನಪು ಮಾಡಿಕೊಳ್ಳಲು ಹೋದರೆ ಸುಟ್ಟ ಪೆಟ್ಟಿಗೆ, ಸೀಳಿದ ಡಬ್ಬಿ, ತಪ್ಪಿದ ಎಚ್ಚರಿಕೆಗಳೇ ತಾರೀಖಿನ ಸಮೇತ ಸಾಲಾಗಿ ಬಂದು ನಿಲ್ಲುತ್ತಿದ್ದವು. ಸರಿಯಿದ್ದ ದಿನಗಳಿಗೆ ತಾರೀಖಿರಲಿಲ್ಲ. ಮಾವ ಎಷ್ಟು ಸುರುಳಿ ಸುತ್ತಿದ್ದ? ಗೊತ್ತಿಲ್ಲ. ಹೇಗೆ ಸುತ್ತುತ್ತಿದ್ದ? ಕೇಳಿರಲಿಲ್ಲ, ಹಾಳಾಗದ ವಸ್ತುವಿನ ಬಗ್ಗೆ ಯಾರು ಕೇಳುತ್ತಾರೆ? ಐದಕ್ಕೆ ಆಫೀಸಿನವರು ಫ್ಯಾನು ಆರಿಸತೊಡಗಿದರು. ಅವಳು ಒಂದು ಸಾಲಿನ ಹಾಳೆಯನ್ನು ಹಾಗೇ ಬಿಟ್ಟು ಎದ್ದು ಬಂದಳು.

ಬೀದಿ ಖಾಲಿಯಾಗಲು ಎರಡು ತಿಂಗಳು ಹಿಡಿಯಿತು. ಹೋಗುವ ದಿನ ವೈಂಡಿಂಗ್ ಮಾವ ಬಟ್ಟೆಯ ಚೀಲವೊಂದನ್ನು ಮೇಲೆ ತಂದು ಮೇಜಿನ ಮೇಲಿಟ್ಟ. “ಅರವತ್ತಿದೆ ಮಗಳೇ. ಕೈ ಖಾಲಿ ಇತ್ತು, ಸುತ್ತಿಟ್ಟೆ. ಲೆಕ್ಕ ಹಾಕ್ಕೋ.” ಅವಳು ಎಣಿಸಿದಳು. ಅರವತ್ತಿದ್ದವು. ಪುಸ್ತಕದಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ.

ಕೇಂದ್ರ ಎದ್ದು ನಿಲ್ಲಲು ಒಂದೂವರೆ ವರ್ಷ ಸಾಕಾಯಿತು. ಅಷ್ಟು ದಿನ ಅಕ್ಕ, ತಮ್ಮ ಮನೆಯ ಹಾಲಿನಲ್ಲೇ ಕೂತು ಪ್ರೋಗ್ರಾಂ ತಿದ್ದಿದರು. ಕೇಂದ್ರದ ಮೂರನೆಯ ಮಹಡಿಯಲ್ಲಿ ಅವರಿಗೆ ಬಾಡಿಗೆಯಿಲ್ಲದ ಕೋಣೆ ಸಿಕ್ಕಿತು, ‘ಮಾದರಿ ಪ್ರತಿಕ್ರಿಯೆ’ ಕೊಟ್ಟವರೆಂದು. ತಪ್ಪಕ್ಕ ಮೊದಲ ವಾರ ಪುಸ್ತಕ ಹಿಡಿದು ಕಟ್ಟಡವೆಲ್ಲ ಸುತ್ತಿದಳು. ಕರೆಂಟು ಹೋಗಲಿಲ್ಲ. ಮೇಜು ಅಲುಗಲಿಲ್ಲ. ವಾಸನೆ ಬರಲಿಲ್ಲ. ಮಹಡಿಗೆ ಮೂರು ಶೌಚಾಲಯ, ಮೂರರಲ್ಲೂ ಬಿಸಿನೀರು. ಯಾರೂ ಬಾಗಿಲು ತಟ್ಟದೆ ಬರಲಿಲ್ಲ. ನಿಜ ಹೇಳಬೇಕೆಂದರೆ ತಟ್ಟಿಯೂ ಬರಲಿಲ್ಲ. ಪುಟ ಖಾಲಿ ಉಳಿಯಿತು. ಕೆಳಗೆ ಗೇಟಿನ ಬಳಿ ನೀಲಿ ಸಮವಸ್ತ್ರ ಹಾಕಿಕೊಂಡು ಚೀಲ ತಪಾಸಣೆ ಮಾಡುತ್ತಿದ್ದವಳು ಲೇತಮ್ಮ. ಬಡಾವಣೆಯಲ್ಲಿ ಗಿರಾಕಿಗಳಿಲ್ಲದೆ ಮೆಷಿನ್ನು ಮಾರಿ ಬಂದಿದ್ದಳು.

“ಚೀಲ ತೆಗೀರಿ ಮೇಡಂ,” ಎನ್ನುತ್ತಿದ್ದಳು ದಿನಾ ಬೆಳಿಗ್ಗೆ. “ಒಳಗೆ ಪುಸ್ತಕ ಇದ್ಯಾ? ಹುಷಾರು, ನನ್ನ ಸಮವಸ್ತ್ರದ ಗುಂಡಿ ಹೋಗಿದೆ, ಬರೆದುಬಿಟ್ಟೀರಾ.”

ಆ ವರ್ಷ ಒಳ್ಳೆಯ ಸುದ್ದಿಯೇ ಬಂತು. ದೊಡ್ಡ ಆಸ್ಪತ್ರೆಯೊಂದರ ನೀರಿನ ಪಂಪುಗಳಿಗೆ ನಲವತ್ತು ಪೆಟ್ಟಿಗೆ ಹಾಕಿ ನೋಡಿದರು. ಮೂರು ಮೋಟಾರುಗಳು ಸುಡುವ ಮೊದಲೇ ಸಿಕ್ಕಿಬಿದ್ದವು. ಒಂದೂ ಸುಳ್ಳು ಎಚ್ಚರಿಕೆ ಬರಲಿಲ್ಲ. ಆಸ್ಪತ್ರೆಯ ಎಂಜಿನಿಯರ್ ತಮ್ಮದೇ ಇನ್ನೈದು ಆಸ್ಪತ್ರೆಗಳಿಗೆ ಇನ್ನೂರು ಪೆಟ್ಟಿಗೆ ಬೇಕೆಂದ, ಮೂರು ತಿಂಗಳ ಗಡುವು. ಇದು ನಡೆದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ತಮ್ಮ ಇದನ್ನು ಅಕ್ಕನಿಗೆ ಹೇಳಬೇಕಾಗಿರಲಿಲ್ಲ.

ಚೀಲದಲ್ಲಿ ಉಳಿದದ್ದು ಇಪ್ಪತ್ತು ಸುರುಳಿ. ತಮ್ಮ ದೊಡ್ಡ ಕಂಪನಿಯೊಂದರಿಂದ ನೂರ ಎಂಬತ್ತು ಸುರುಳಿ ತರಿಸಿದ, ಯಂತ್ರದಲ್ಲಿ ಸುತ್ತಿದ್ದು, ಪ್ರತಿಯೊಂದೂ ಪ್ಲಾಸ್ಟಿಕ್ ಗೂಡಿನಲ್ಲಿ ಮೊಟ್ಟೆಯ ಹಾಗೆ ಕೂತಿತ್ತು. ತಪ್ಪಕ್ಕ ಒಂದನ್ನು ಪೆಟ್ಟಿಗೆಗೆ ಹಾಕಿ ಪಂಪನ್ನು ಐವತ್ತು ಸಲ ಚಾಲೂ ಮಾಡಿದಳು. ಹತ್ತೊಂಬತ್ತು ಸಲ ಪೆಟ್ಟಿಗೆ ಮೋಟಾರು ಸತ್ತೇಹೋಯಿತೆಂದು ಬೊಬ್ಬೆ ಹಾಕಿತು. ಪಂಪು ಶುರುವಾಗುವಾಗ ಕರೆಂಟು ಒಮ್ಮೆ ಜಿಗಿಯುತ್ತದೆ; ಆ ಜಿಗಿತಕ್ಕೆ ಈ ಸುರುಳಿ ಬೆದರುತ್ತಿತ್ತು. ತಮ್ಮ ಎರಡು ವಾರ ಪ್ರೋಗ್ರಾಂ ತಿದ್ದಿದ. ಸುಳ್ಳು ಎಚ್ಚರಿಕೆ ನಿಂತಿತು, ನಿಜವಾದದ್ದೂ ನಿಂತಿತು.

“ಮಾವನ ಸುರುಳೀಲಿ ಏನಿತ್ತು ಅಕ್ಕ? ನೀನು ಬರೆದಿರ್ತೀಯಲ್ಲ, ಪುಸ್ತಕ ನೋಡು.”

ಅವಳು ಆರೂ ಪುಸ್ತಕ ತೆರೆದಳು. ಎರಡು ದಿನ ಓದಿದಳು. ಸುರುಳಿ ಎಂಬ ಮಾತು ಮೊದಲ ಪುಟದಲ್ಲಿ ಒಂದು ಸಲ ಇತ್ತು. ಅದೂ ಮಾವನದಲ್ಲ, ಕಸಕ್ಕೆ ಹೋದದ್ದು. ಉಳಿದ ಸಾವಿರದ ನೂರು ಚಿಲ್ಲರೆ ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಅದು ಒಂದು ಸಲವೂ ಕೈಕೊಟ್ಟಿರಲಿಲ್ಲ.

ವೈಂಡಿಂಗ್ ಮಾವ ಮಗಳ ಮನೆಯಲ್ಲಿದ್ದ. ಆರನೆಯ ಮಹಡಿಯ ಫ್ಲ್ಯಾಟು. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೆಳಗಿನ ಕಾರುಗಳನ್ನು ನೋಡುತ್ತಿದ್ದ. ಬಡಾವಣೆಗೆ ಹೋಗಲೇ ಇಲ್ಲವಂತೆ.

“ದಿನಾ ಎರಡು ಬಸ್ಸು ಹತ್ತಿ ಹೋಗಿ, ಅಲ್ಲಿ ಯಾರ ಜೊತೆ ಜಗಳ ಆಡ್ಲಿ? ವಾಸನೆಯವರ ಬ್ಲಾಕಲ್ಲಿ ನಾನೊಬ್ಬನೇ,” ಎಂದ. ಅವಳು ತಂದ, ಸುರುಳಿ ಸುತ್ತುವ ಕಬ್ಬಿಣದ ಉಂಗುರ, ತಾಮ್ರದ ತಂತಿ ನೋಡಿ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಊಟದ ಮೇಜಿನ ಮೇಲೆ ಹಳೆಯ ಟವೆಲ್ಲು ಹಾಸಿ ಕೂತ. ಇಪ್ಪತ್ತು ಸುತ್ತು ಸುತ್ತಿ ನಿಲ್ಲಿಸಿ, ಉಂಗುರದ ಅಂಚಿನ ಮೇಲೆ ಉಗುರು ಎಳೆದ.

“ಇದು ತಂತಿ ಕಚ್ಚುತ್ತೆ. ಲೇತಮ್ಮ ಅಂಚು ಕೆರೆದು ಕೊಡ್ತಿದ್ಲು, ಕೂದಲಷ್ಟು.”

“ನನಗೆ ಗೊತ್ತಿಲ್ಲ.”

“ನಿನಗೆ ಗೊತ್ತಿರಲಿಲ್ವಾ? ಅವಳು ನಿಮ್ಮ ಕೋಣೆ ಕೆಳಗೇ ಮಾಡ್ತಿದ್ಲು. ಮೇಜು ನಡುಗುತ್ತೆ ಅಂತಿದ್ಯಲ್ಲ, ಅದರಲ್ಲಿ ಅರ್ಧ ಇದೇ.” ಮಾವ ತಂತಿ ಬಿಚ್ಚಿ ಮತ್ತೆ ಸುತ್ತಿದ. “ಸುತ್ತಿದ ಮೇಲೆ ವಾರ್ನಿಷ್‌ಲಿ ಅದ್ದಿ, ಬಣ್ಣದವನ ಒಲೇಲಿ ಇಡಬೇಕು. ಉರಿ ಇರುವಾಗಲ್ಲ. ಮಧ್ಯಾಹ್ನ ಎರಡನೇ ಸರತಿ ಸಾಮಾನು ತೆಗೆದು ಒಲೆ ಆರಿಸ್ತಾನಲ್ಲ, ಆ ಉಳಿದ ಬಿಸೀಲಿ, ಅವನು ಊಟ ಮಾಡಿ ಬರೋವರೆಗೆ. ನಿಧಾನ ತಿಂತಾನೆ ಪುಣ್ಯಾತ್ಮ, ಅದಕ್ಕೇ ಸುರುಳಿ ಚೆನ್ನಾಗಿ ಬೇಯ್ತಿತ್ತು.”

“ಎಷ್ಟು ಡಿಗ್ರಿ? ಎಷ್ಟು ನಿಮಿಷ?”

“ಅವನ ಹೊಟ್ಟೇನ ಕೇಳಬೇಕು.”

ಅವಳು ಎಲ್ಲವನ್ನೂ ಬರೆದುಕೊಂಡಳು. ಕೆಂಪು ಪುಸ್ತಕದಲ್ಲಿ ತಪ್ಪಲ್ಲದ್ದನ್ನು ಬರೆದದ್ದು ಅದೇ ಮೊದಲು. ಹೊರಡುವಾಗ ಮಾವನ ಮುಖ ನೋಡಿ, “ಏಳನೇದು ನಾನು ಬರೀಬಾರದಿತ್ತು,” ಎಂದಳು.

“ಯಾಕೆ? ವಾಸನೆ ಇದ್ದದ್ದು ನಿಜ ತಾನೆ? ನನ್ನ ಹೆಂಡತಿಯೂ ಅದನ್ನೇ ಹೇಳ್ತಾ ಹೇಳ್ತಾ ಸತ್ಲು.” ಅವನು ಟವೆಲ್ಲು ಮಡಿಚಿದ. “ಆದ್ರೆ ಅವಳು ಒಂದೊಂದ್ಸಲ ನನ್ನ ಕೈಯನ್ನೂ ನೋಡ್ತಿದ್ಲು.”

ಲೇತಮ್ಮ ರಜೆಯ ದಿನ ಮಾವನಿದ್ದಲ್ಲಿಗೆ ಬಂದಳು. ಮೆಷಿನ್ನಿಲ್ಲದೆ ಅರದಲ್ಲೇ ಉಜ್ಜಿದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಹದಿನಾಲ್ಕು ಉಂಗುರ. ಅಷ್ಟಕ್ಕೆ ಮಣಿಕಟ್ಟು ಊದಿತು. “ಮೆಷಿನ್ನಲ್ಲಿ ಇನ್ನೂರಕ್ಕೆ ಒಂದು ಬೆಳಿಗ್ಗೆ ಸಾಕಿತ್ತು,” ಎಂದಳು, ಊದಿದ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಾ. ಬಣ್ಣದವನು ಬೇರೆ ಊರು ಸೇರಿ ಟ್ಯಾಕ್ಸಿ ಓಡಿಸುತ್ತಿದ್ದ. ಅವನ ಒಲೆ ಗುಜರಿಗೆ ಹೋಗಿತ್ತು. ಮಾವ ಸುತ್ತಿದ ಸುರುಳಿಗಳನ್ನು ಮಗಳ ಅಡುಗೆಮನೆಯ ಒವನ್ನಿನಲ್ಲಿಟ್ಟರು. ಕೆಲವುಗಳ ವಾರ್ನಿಷ್ ಗುಳ್ಳೆಯೆದ್ದಿತು, ಕೆಲವುಗಳದ್ದು ಒಣಗಲೇ ಇಲ್ಲ. ಎರಡನೆಯ ದಿನ ಮಗಳು ಬಾಗಿಲಲ್ಲಿ ನಿಂತು, ಮೂಗಿಗೆ ಸೆರಗು ಹಿಡಿದು, “ಅಪ್ಪಾ, ಮನೇಲಿ ಕೂಸಿದೆ. ಈ ವಾಸನೆ ಬೇಡ,” ಎಂದಳು. ಅವಳು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ.

ಹದಿನಾಲ್ಕರಲ್ಲಿ ಐದು ಪಾಸಾದವು. ಐದನ್ನೂ ತಪ್ಪಕ್ಕ ಐವತ್ತೈವತ್ತು ಸಲ ಚಾಲೂ ಮಾಡಿದಳು, ಒಂದೂ ಬೆದರಲಿಲ್ಲ. ಗಡುವಿನ ದಿನ ಇಪ್ಪತ್ತೈದು ಪೆಟ್ಟಿಗೆ ಸಿದ್ಧವಿದ್ದವು. ಆಸ್ಪತ್ರೆಯ ಎಂಜಿನಿಯರ್ ಅವನ್ನು ತೆಗೆದುಕೊಂಡು, ಉಳಿದದ್ದಕ್ಕೆ ಬೇರೆಯವರನ್ನು ನೋಡುತ್ತೇವೆಂದು ಮರ್ಯಾದೆಯಿಂದಲೇ ಹೇಳಿದ.

ಅದೇ ತಿಂಗಳು ಊರು ಪಟ್ಟಿಯಲ್ಲಿ ಹದಿನಾಲ್ಕನೆಯ ಸ್ಥಾನಕ್ಕೆ ಏರಿತು. ಕೇಂದ್ರದಲ್ಲಿ ಕೇಕು ಕತ್ತರಿಸಿದರು. ಸಮೀಕ್ಷೆಯವಳಿಗೆ ಬಡ್ತಿಯಾಗಿತ್ತು, ತಮ್ಮನಿಗೆ ತನ್ನ ವಿಭಾಗದಲ್ಲೇ ಹೊಸ ಕಂಪನಿಗಳಿಗೆ ಸಲಹೆ ಕೊಡುವ ಕೆಲಸ ಕೊಡಿಸಿದಳು. ಅವನು ಒಪ್ಪಿಕೊಂಡ. ಮನೆಗೆ ಬಂದು ಅಕ್ಕನೆದುರು ಕೂತ.

“ಬೇರೆ ಊರಿಂದ ಹುಡುಗರು ಬಂದು ಕೇಳ್ತಾರೆ ಅಕ್ಕ, ಕಂಪನಿ ಇಲ್ಲಿ ಯಾಕೆ ಶುರು ಮಾಡಬೇಕು ಅಂತ. ನಾನೇನು ಹೇಳ್ಲಿ?”

“ಕರೆಂಟು ಹೋಗಲ್ಲ ಅಂತ ಹೇಳು.”

ಕೋಣೆ ಬಿಟ್ಟುಕೊಡುವ ದಿನ ತಪ್ಪಕ್ಕ ಒಬ್ಬಳೇ ಹೋದಳು. ಗೇಟಿನಲ್ಲಿ ಲೇತಮ್ಮ ಅವಳ ಚೀಲ ತೆರೆಸಲಿಲ್ಲ, ಸುಮ್ಮನೆ ಒಳಗೆ ಬಿಟ್ಟಳು. ಅವಳ ಅಂಗಿಯ ಗುಂಡಿ ಇನ್ನೂ ಹೊಲಿದಿರಲಿಲ್ಲ. ತಪ್ಪಕ್ಕನ ಬಾಯಿ ತೆರೆಯಿತು. “ನಿಮ್ಮ ಉಂಗುರದ ಅಂಚು ನುಣ್ಣಗಿತ್ತು,” ಎಂದಳು.

ಲೇತಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಜ್ವರ ಗಿರ ಬಂದಿದ್ಯೇನೇ?”

ಮೇಲೆ ಕೇಂದ್ರದ ಗುಮಾಸ್ತ ಒಂದು ನಮೂನೆ ಕೊಟ್ಟ. ಕೋಣೆಯಲ್ಲಿ ದೋಷಗಳಿದ್ದರೆ ತಿಳಿಸಿ. ಅವಳು ‘ಇಲ್ಲ’ ಎಂದು ಬರೆದಳು. ಕಳೆದುಹೋದ ವಸ್ತುಗಳಿದ್ದರೆ ಸಂಖ್ಯೆ ಸಹಿತ ಬರೆಯಿರಿ. “ಅದು ಬೀಗದ ಕೈ, ಕುರ್ಚಿ ಅಂಥದ್ದಕ್ಕೆ ಮೇಡಂ,” ಎಂದ ಗುಮಾಸ್ತ. ಬೀಗದ ಕೈ ಎರಡೂ ಇದ್ದವು, ಕುರ್ಚಿ ನಾಲ್ಕೂ ಇದ್ದವು. ಅವಳು ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು, ಕುರ್ಚಿಗಳನ್ನು ತೋರಿಸಿ, ಪೆನ್ನು ತೆಗೆದುಕೊಂಡು, ಕಾಲಂ ತುಂಬಿಸಿದಳು.

ಅಂಗಡಿ, ನಲವತ್ತೊಂದು. ಲೇತ್ ಮೆಷಿನ್ನು, ಒಂದು. ಒಲೆ, ಒಂದು. ಸುರುಳಿ ಸುತ್ತುವ ಕೈ, ಎರಡು. ಕಂಪನಿ, ಒಂದು. ಆಗದೆ ಉಳಿದ ಪೆಟ್ಟಿಗೆ, ನೂರ ಎಪ್ಪತ್ತೈದು.